ಸತ್ಯಮಂಗಲದ ರಸ್ತೆಯ ಹೊಲಗಳಲ್ಲಿ

ಕೊಯಮತ್ತೂರಿನ ಉತ್ತರದ ಸೆರಗಿನಲ್ಲಿರುವ ಗಣಪತಿಯಿಂದ ಹೊರಟು, ಸರವಣಂಪಟ್ಟಿ, ಕೋವಿಲ್‌ಪಾಳಯ, ಅನ್ನೂರು, ಪುಳಿಯಂಪಟ್ಟಿಗಳನ್ನು ಹಾದು ಸತ್ಯಮಂಗಲವನ್ನು ಮುಟ್ಟಿ, ಬಣ್ಣಾರಿ ಅಮ್ಮನ ಗುಡಿಯ ಮುಂದೆ ಒಂದು ಗಳಿಗೆ ನಿಂತು, ದಿಂಬದ ಘಟ್ಟವನ್ನೇರಿ ಚಾಮರಾಜನಗರದ ಸೀಮೆಯನ್ನು ಸೇರುವ ಹೆದ್ದಾರಿಯನ್ನು ಇಲ್ಲಿಯ ಜನ ಸತ್ತಿ ರೋಡೆಂದು ಕರೆಯುತ್ತಾರೆ. ಪಂಪು ಗ್ರೈಂಡರುಗಳ ತಯಾರಿಕೆ, ಎರಕದ ಮನೆಗಳು, ಲೇತುಗಳು, ಇವುಗಳ ನಡುವೆ ಬದುಕು ಕಟ್ಟಿಕೊಂಡ ಗಣಪತಿಯವರಿಗೆ ಅದು ದಿನನಿತ್ಯದ ಬಸ್ಸಿನ ಮಾರ್ಗ. ಮಗ್ಗದ ಕಸುಬನ್ನು ನೆಚ್ಚಿ ಎಷ್ಟೋ ತಲೆಮಾರುಗಳ ಹಿಂದೆ ಈ ಕಡೆಗೆ ಬಂದು ನೆಲಸಿ, ಮನೆಯೊಳಗೆ ಕನ್ನಡವನ್ನೂ ಹೊಸ್ತಿಲಾಚೆ ತಮಿಳನ್ನೂ ಆಡುತ್ತ ಬಂದ ನಮ್ಮಂಥ ದೇವಾಂಗರ ಮನೆತನಗಳವರಿಗಾದರೋ ಅದು ಹಿರಿಯರು ಇಳಿದು ಬಂದ ದಾರಿಯೆಂಬ ಅಭಿಮಾನ ತಪ್ಪಿದ್ದಲ್ಲ. ಆ ರಸ್ತೆಯ ಇಕ್ಕೆಲಗಳ ಹೊಲಗಳಲ್ಲಿ, ಒಡೆಯರ ಅಪ್ಪಣೆ ಪಡೆದು, ಮಿತ್ರನೊಬ್ಬನ ಜೊತೆಯಲ್ಲಿ ಲೋಹಶೋಧಕ ಯಂತ್ರವನ್ನು ಹಿಡಿದು ಅಲೆಯುವುದು ನನಗೆ ಇತ್ತೀಚಿನ ವರ್ಷಗಳಲ್ಲಿ ಒದಗಿಬಂದಿರುವ ಅತ್ಯಂತ ಪ್ರಿಯವಾದ ವ್ಯಾಸಂಗ.

ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಒಡೆಯರು ಕೊಂಗುನಾಡನ್ನು ತಮ್ಮ ಆಳ್ವಿಕೆಗೆ ತಂದುಕೊಂಡಂದಿನಿಂದ 1799ರಲ್ಲಿ ಟಿಪ್ಪು ಮಡಿಯುವವರೆಗೆ, ಶ್ರೀರಂಗಪಟ್ಟಣದ ನಿರೂಪಗಳು ಇಳಿದುದೂ ಇಲ್ಲಿಯ ಕಂದಾಯ ಘಟ್ಟವನ್ನೇರಿದುದೂ ಈ ದಿಕ್ಕಿನಲ್ಲಿಯೇ. ಆಗಿನ ಸೈನ್ಯಗಳು ಹೆಚ್ಚಾಗಿ ಬಳಸುತ್ತಿದ್ದುದು ಮೋಯಾರು ಹೊಳೆಯ ಕೊಳ್ಳದಲ್ಲಿರುವ ಗಜ್ಜಲಹಟ್ಟಿಯ ಕಣಿವೆಯನ್ನು. ಅದನ್ನಿಳಿದವರನ್ನು ಮೊದಲು ಎದುರುಗೊಳ್ಳುತ್ತಿದ್ದುದು ಹೊಯ್ಸಳರ ದಂಡನಾಯಕರ ಹೆಸರನ್ನು ಹೊತ್ತಿದ್ದ ದಣ್ಣಾಯಕನ ಕೋಟೆ. ಆ ಕೋಟೆ ಇಂದು, 1955ರಲ್ಲಿ ಮುಗಿದ ಭವಾನಿಸಾಗರ ಜಲಾಶಯದ ತಳದಲ್ಲಿದೆ. ಬರಗಾಲದಲ್ಲಿ ನೀರು ತಗ್ಗಿದಾಗ ಅಲ್ಲಿಯ ಗುಡಿಯ ಕಲ್ಲುಗಳು ಮೇಲೆದ್ದು ಕಾಣುತ್ತವೆ. ಇತ್ತ ಇಂಗ್ಲಿಷರ ಕಂಪನಿಯವರು 1768ರಲ್ಲಿ ಒಮ್ಮೆ, 1783ರಲ್ಲಿ ಇನ್ನೊಮ್ಮೆ, 1790ರಲ್ಲಿ ಮತ್ತೊಮ್ಮೆ ಕೊಯಮತ್ತೂರನ್ನು ಹಿಡಿದರು; ಮೊದಲ ಸಲ ಹೈದರನು ಅದನ್ನು ಕಿತ್ತುಕೊಂಡನು, ಎರಡನೆಯ ಸಲ ಮಂಗಳೂರಿನ ಕೌಲಿನಂತೆ ಅದು ಹಿಂದಿರುಗಿತು, ಮೂರನೆಯ ಸಲ, 1791ರಲ್ಲಿ, ಲೆಫ್ಟಿನೆಂಟ್ ಚಾಲ್ಮರ್ಸನೆಂಬ ತರುಣ ಅಧಿಕಾರಿ ಪುಟ್ಟ ಪಡೆಯೊಂದಿಗೆ ತಿಂಗಳುಗಟ್ಟಲೆ ಕೋಟೆಯನ್ನು ಕಾಯ್ದು, ನವೆಂಬರಿನಲ್ಲಿ ಟಿಪ್ಪುವಿನ ಸೇನಾನಿ ಕಮರುದ್ದೀನ್ ಖಾನನಿಗೆ ಶರಣಾಗಿ ಸೆರೆಯಾಳಾಗಿ ಶ್ರೀರಂಗಪಟ್ಟಣವನ್ನು ಸೇರಿದನು. ಅದಕ್ಕೆ ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಸತ್ಯಮಂಗಲದ ಬಯಲಿನಲ್ಲಿ ಕರ್ನಲ್ ಫ್ಲಾಯ್ಡನಿಗೂ ಟಿಪ್ಪುವಿಗೂ ಘೋರವಾದ ಕಾಳಗ ನಡೆದಿತ್ತು. ಕೊಯಮತ್ತೂರಿನ ಆ ಕೋಟೆಯ ಗೋಡೆಗಳು ಈಗಿಲ್ಲ. ಕೋಟೆಮೇಡೆಂಬ ಬಡಾವಣೆಯ ಹೆಸರಿನಲ್ಲಿಯೂ, ಕೋಟೆ ಈಶ್ವರನ ದೇವಾಲಯದಲ್ಲಿಯೂ ಅದರ ನೆನಪು ಉಳಿದಿದೆ. ಅಳಿದ ಗೋಡೆಯನ್ನು ಚರಿತ್ರೆಯ ಪುಸ್ತಕಗಳಾದರೂ ಬರೆದಿಟ್ಟುಕೊಂಡಿವೆ; ಆ ದಂಡುಗಳ ಹಿಂದೆ ಮುಂದೆ ನಡೆದ ಬಂಡಿಕಾರರೂ, ದನಗಾಹಿಗಳೂ, ಸಂತೆಗೆ ಹೊರಟ ನೇಕಾರರೂ, ಉಪ್ಪು ಹೇರಿಕೊಂಡು ಬಂದ ವ್ಯಾಪಾರಿಗಳೂ ಬಿಟ್ಟುಹೋದ ಬರಹ ಈ ಉತ್ತ ಮಣ್ಣೊಂದೇ.

ನನ್ನ ಮಿತ್ರನಿಗೆ ಗಣಪತಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬಾವಿಪಂಪಿನ ಹೊಟ್ಟೆಯಿಂದ ಕರಕಾದ ತಂತಿಯನ್ನು ಬಗೆದು ತೆಗೆದು, ಹೊಸ ತಾಮ್ರದ ತಂತಿಯನ್ನು ಸುತ್ತು ಲೆಕ್ಕ ತಪ್ಪದೆ ತುಂಬಿ, ವಾರ್ನಿಷ್ ಹೊಯ್ದು ಒಣಗಿಸಿ ಕೊಡುವುದು ಅವನ ಕಾಯಕ. ಅಂಥವನಿಗೆ ಲೋಹಶೋಧಕವನ್ನು ಕೊಂಡು ತರುವುದಕ್ಕಿಂತ ಕಟ್ಟಿಕೊಳ್ಳುವುದೇ ಸಹಜವಾಗಿ ತೋರಿತು. ಎನಾಮಲ್ ಲೇಪದ ಸಣ್ಣ ತಂತಿಯನ್ನು ಎರಡು ಸುರುಳಿಗಳಾಗಿ ಸುತ್ತಿ, ಅಂಟಿನಲ್ಲಿ ಅಲುಗಾಡದಂತೆ ಕೂರಿಸಿ, ಪ್ಲಾಸ್ಟಿಕ್ ಕೊಳವೆಯ ಹಿಡಿಯ ತುದಿಗೆ ತೊಡಿಸಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ನಾಲ್ಕಾಣೆಯ ಬಿಲ್ಲೆಯನ್ನು ಹೂಳಿಟ್ಟು ಅದರ ದನಿಯನ್ನು ಅಭ್ಯಾಸ ಮಾಡಿದನು. ಇದರ ತತ್ತ್ವ ಸರಳವಾದದ್ದು: ಒಂದು ಸುರುಳಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲದೊಳಕ್ಕೆ ಕಳುಹುತ್ತದೆ, ಅಲ್ಲಿ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ಸುಳಿಗಳು ಹುಟ್ಟಿ ತಮ್ಮದೇ ಆದ ಕ್ಷೀಣವಾದ ಕಾಂತಕ್ಷೇತ್ರವನ್ನು ಎಬ್ಬಿಸುತ್ತವೆ, ಎರಡನೆಯ ಸುರುಳಿ ಆ ಮರುದನಿಯನ್ನು ಆಲಿಸುತ್ತದೆ. ಕಬ್ಬಿಣ, ತಾಮ್ರ, ಸೀಸಗಳು ಮರುನುಡಿಯುವ ಹೊತ್ತಿನಲ್ಲಿ ಅತಿ ಸೂಕ್ಷ್ಮವಾದ ವ್ಯತ್ಯಾಸವಿರುವುದರಿಂದ ಪಳಗಿದ ಕಿವಿ ಅಗೆಯುವುದಕ್ಕೆ ಮುಂಚೆಯೇ ಲೋಹ ಇಂಥದೆಂದು ಬಹುಮಟ್ಟಿಗೆ ಊಹಿಸಬಲ್ಲದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ದೇಹದಲ್ಲಿ ಹೊಕ್ಕ ಗುಂಡನ್ನು ಹುಡುಕಲು, ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಇದೇ ಜಾತಿಯ ಯಂತ್ರವನ್ನು ಹೊತ್ತುತಂದಿದ್ದನು. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೇ ದನಿಗೊಟ್ಟು ಅವನ ಶ್ರಮ ವ್ಯರ್ಥವಾಯಿತಂತೆ. ನಮ್ಮ ಕಡೆಯ ಕಬ್ಬಿಣದ ಅಂಶ ತುಂಬಿದ ಕೆಂಪು ಮಣ್ಣೂ ಅಂಥದೇ ತೊಡಕನ್ನು ಒಡ್ಡುತ್ತದೆ. ಕರಿಯ ಎರೆಯ ಹೊಲಗಳು ಶಾಂತವಾದವು.

ಬೇಸಿಗೆಯ ಮೊದಲ ಮಳೆ ಬಿದ್ದು ಉತ್ತು ಬಿಟ್ಟ ಹೊಲ, ಇನ್ನೂ ಬಿತ್ತನೆಯಾಗದಿರುವ ಕೆಲವು ದಿನಗಳು, ಇವೇ ನಮಗೆ ಸಲ್ಲುವ ಕಾಲ. ಜೋಳ ಕಡಲೆಕಾಯಿಗಳನ್ನು ಬೆಳೆಯುವ ಮಳೆಯಾಸರೆಯ ಹೊಲಗಳ ಒಡೆಯರಾದ ಗೌಂಡರೊಬ್ಬರು ನಮ್ಮ ಮೇಲೆ ಕೃಪೆಯಿಟ್ಟಿದ್ದಾರೆ. ಮೊದಲ ದಿನ ಅವರು ಯಂತ್ರವನ್ನು ಮೇಲಿನಿಂದ ಕೆಳಗೆ ದಿಟ್ಟಿಸಿ ನೋಡಿ, "ಬಂಗಾರ ಸಿಕ್ಕಿದರೆ ಏನು ಮಾಡುತ್ತೀರಿ, ತಂಬಿ?" ಎಂದು ಕೇಳಿದರು. "ನಿಮ್ಮ ಕೈಗೆ ಕೊಟ್ಟು, ನಿಮ್ಮನ್ನೇ ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋಗುತ್ತೇವೆ, ಅಯ್ಯಾ" ಎಂದು ಮಿತ್ರನು ಹೇಳಿದನು. "ಕಬ್ಬಿಣ ಸಿಕ್ಕಿದರೆ?" "ಅದನ್ನೂ ತೋರಿಸಿಯೇ ಹೋಗುತ್ತೇವೆ." ಗೌಂಡರು ನಕ್ಕು ಬಾವಿಕಟ್ಟೆಯ ಮೇಲೆ ಕುಳಿತುಕೊಂಡರು, ಅಂದಿನಿಂದ ಇಂದಿನವರೆಗೆ ಆ ಒಪ್ಪಂದವೇ ನಡೆದುಕೊಂಡು ಬಂದಿದೆ. ನಾವಾಗಿ ವಿಧಿಸಿಕೊಂಡ ನಿಯಮಗಳೂ ಕೆಲವಿವೆ. ನೇಗಿಲು ಎಷ್ಟು ಆಳಕ್ಕೆ ಇಳಿಯುವುದೋ ಅದಕ್ಕಿಂತ ಒಂದಂಗುಲವೂ ಕೆಳಕ್ಕೆ ಕೈಹಾಕಬಾರದು, ಏಕೆಂದರೆ ಉತ್ತ ಪದರ ಆಗಲೇ ನೂರಾರು ಸಲ ತಿರುವಿಹೋದದ್ದು, ಅದರ ಕೆಳಗಿನದು ಪ್ರಾಚ್ಯಶೋಧಕರ ಸೊತ್ತು. ಗುಡಿ, ಸಮಾಧಿ, ಪ್ರಾಚೀನ ಕಲ್ಗೋರಿಗಳ ಸುತ್ತ ಸುಳಿಯಬಾರದು. ಸಂರಕ್ಷಿತ ಸ್ಮಾರಕಗಳ ನೆಲದಲ್ಲಂತೂ ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯಲೂಬಾರದು.

ಸಿಕ್ಕುವುದರಲ್ಲಿ ಬಹುಪಾಲು ಈ ಕಾಲದ ಕಸ: ಟ್ರ್ಯಾಕ್ಟರಿನ ಬೋಲ್ಟು, ಗುಟ್ಕಾದ ತಗಡು, ತಂತಿಯ ತುಂಡು. ಅದನ್ನು ಬೇರೆ ಚೀಲದಲ್ಲಿ ತುಂಬಿ ಹೊಲದಾಚೆ ಒಯ್ಯುತ್ತೇವೆ. ಹಳೆಯದರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ದೊರೆಯುವುದು ಎತ್ತಿನ ಲಾಳ. ಕುದುರೆಯ ಲಾಳದಂತೆ ಅದು ಇಡಿಯ ಗೊರಸನ್ನು ಸುತ್ತುವುದಿಲ್ಲ. ಎತ್ತಿನ ಗೊರಸು ಸೀಳಿರುವುದರಿಂದ ಒಂದೊಂದು ಕಾಲಿಗೆ ಎರಡೆರಡು ಬಿಡಿ ಹಾಳೆಗಳು, ಚೌತಿಯ ಚಂದ್ರನ ಆಕೃತಿಯವು. ಮಣ್ಣಿನಿಂದ ಎತ್ತಿದಾಗ ತುಕ್ಕಿನ ಹೊಪ್ಪಳೆ ಎದ್ದು ಅದೊಂದು ಕಲ್ಲಿನ ಚೂರಿನಂತೆಯೇ ಕಾಣುತ್ತದೆ. ಬೆರಳಿನಿಂದ ಮೆಲ್ಲನೆ ಒರಸಿದರೆ ಹೊರ ಅಂಚಿನ ಉದ್ದಕ್ಕೆ ಮೊಳೆಯ ತೂತುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ, ಒಂದೆರಡರಲ್ಲಿ ಮೊಳೆಯ ತಲೆ ಇನ್ನೂ ಕುಳಿತಿರುತ್ತದೆ. ಮುಂಭಾಗದ ತುದಿ ಸವೆದು ಕಾಗದದಷ್ಟು ತೆಳ್ಳಗಾಗಿರುತ್ತದೆ. ಆ ಸವೆತವನ್ನು ನೋಡುವಾಗ ನನಗೆ ಆ ಎತ್ತು ಎಳೆದ ಭಾರವೇ ಕೈಗೆ ತಗಲಿದಂತಾಗುತ್ತದೆ. ಹದಿನೆಂಟನೆಯ ಶತಮಾನದ ಯುದ್ಧವನ್ನು ಗೆಲ್ಲಿಸುತ್ತಿದ್ದುದು ಎತ್ತು. ಫಿರಂಗಿಯನ್ನು ಎಳೆದುದೂ ಅಕ್ಕಿಯನ್ನು ಹೊತ್ತುದೂ ಅದೇ. ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲೆಂಬ ಹೆಸರು ಪಡೆದು ದೊಡ್ಡ ಇಲಾಖೆಯಾಗಿ ಬೆಳೆದುದು ಈ ಕಾರಣದಿಂದಲೇ. ನಮಗೆ ಸಿಕ್ಕ ಲಾಳ ದಂಡಿನ ಅಮೃತಮಹಲ್ ಎತ್ತಿನದೋ, ಹತ್ತಿಯ ಅಂಡಿಗೆ ಹೇರಿದ ಕಾಂಗೇಯದ ಎತ್ತಿನದೋ ಎಂದು ನಿರ್ಣಯಿಸುವ ಉಪಾಯವಿಲ್ಲ. ಆದರೆ ಹೊಲದ ಯಾವ ಅಂಚಿನಲ್ಲಿ ಲಾಳಗಳು ದಟ್ಟವಾಗಿ ಸಿಕ್ಕುತ್ತವೆಯೆಂಬುದನ್ನು ಮಿತ್ರನು ನಕ್ಷೆಯಲ್ಲಿ ಗುರುತು ಹಾಕುತ್ತ ಬಂದಾಗ, ಇಂದು ಬದುವೂ ಕಳ್ಳಿಬೇಲಿಯೂ ಇರುವ ಕಡೆ ಒಂದಾನೊಂದು ಕಾಲದಲ್ಲಿ ಬಂಡಿಜಾಡು ಹರಿದಿದ್ದಿತೆಂಬುದು ನಿಚ್ಚಳವಾಯಿತು. ಗೌಂಡರ ತಂದೆಯ ಕಾಲಕ್ಕೂ ಅದು ಮರೆತುಹೋಗಿತ್ತು. ಬಿಡಿ ಬಿಡಿಯಾಗಿ ಗುಜರಿಗೂ ಬೇಡವಾದ ಆ ಕಬ್ಬಿಣ ಒಂದು ದಾರಿಯನ್ನೇ ಮರಳಿ ತಂದುಕೊಟ್ಟಿತು.

ಆ ಜಾಡಿನ ಬದಿಯಲ್ಲಿಯೇ ನಮಗೆ ಆನೆಯ ಕಾಸು ದೊರೆತದ್ದು. ಹಸುರು ಕಿಲುಬು ಹಿಡಿದ ದಪ್ಪನೆಯ ತಾಮ್ರದ ಬಿಲ್ಲೆ; ತೂಕ ಸುಮಾರು 11 ಗ್ರಾಂ. ಒಂದು ಮುಖದಲ್ಲಿ ಆನೆಯ ಬೆನ್ನಿನ ಗೆರೆಯೂ ಸೊಂಡಿಲೂ, ಇನ್ನೊಂದು ಮುಖದಲ್ಲಿ ಪಾರಸಿಯ ಅಕ್ಷರಗಳೂ ಓರೆಬಿಸಿಲಿಗೆ ಹಿಡಿದಾಗ ಮಾತ್ರ ತೋರುತ್ತವೆ. ಮದರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಹೆಂಡರ್ಸನ್ನನು 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳನ್ನು ಕುರಿತು ಪ್ರಕಟಿಸಿದ ಗ್ರಂಥವನ್ನು ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಿ, ಅದು ಪಟ್ಟಣದ, ಎಂದರೆ ಶ್ರೀರಂಗಪಟ್ಟಣದ, ಟಂಕಸಾಲೆಯದೆಂದು ಓದಿಕೊಂಡೆವು. ಟಿಪ್ಪುವಿಗೆ ತನ್ನ ರಾಜ್ಯದ ಊರುಗಳಿಗೆ ಹೊಸ ಹೆಸರು ಕೊಡುವ ಒಲವಿದ್ದಿತು. ನಮ್ಮ ಸತ್ಯಮಂಗಲ ಸಲಾಮಾಬಾದಾಗಿ ಅಲ್ಲಿಯೂ ಒಂದು ಟಂಕಸಾಲೆ ನಡೆಯಿತು. ತಾಮ್ರದ ನಾಣ್ಯಗಳಿಗೂ ಅವನು ನಕ್ಷತ್ರಲೋಕದಿಂದ ಹೆಸರುಗಳನ್ನು ಆಯ್ದನು: ಪೈಸೆಗೆ ಶುಕ್ರನ ಹೆಸರಾದ ಜೊಹ್ರಾ, ಅರೆ ಪೈಸೆಗೆ ಮಂಗಳನ ಹೆಸರಾದ ಬಹ್ರಾಮ್, ಅದಕ್ಕಿಂತ ಚಿಕ್ಕದಕ್ಕೆ ತಾರೆಯೆಂಬ ಅರ್ಥದ ಅಖ್ತರ್. 1787ರ ಸುಮಾರಿನಲ್ಲಿ ಅವನು ತಂದ ಹೊಸ ಶಕದ ವರ್ಷಗಳ ಅಂಕಿಗಳನ್ನು ಬಲದಿಂದ ಎಡಕ್ಕೆ ಕೊರೆಯುತ್ತಿದ್ದರು. ಇಷ್ಟು ಕಲ್ಪನೆಯಿಂದ ರೂಪಿಸಿದ ಕಾಸು ಕಟ್ಟಕಡೆಗೆ ಯಾವನೋ ದಾರಿಗನ ಸೊಂಟದ ಗಂಟಿನಿಂದ ಜಾರಿ ಜೋಳದ ಹೊಲದಲ್ಲಿ ಬಿದ್ದಿತು.

ಅದೇ ಜಾಡಿನಲ್ಲಿ, ಕೂಗಳತೆಯೊಳಗೆ, ಕಂಪನಿಯ ಇಪ್ಪತ್ತು ಕಾಸಿನ ಬಿಲ್ಲೆಯೂ ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಬಳಿ ಸೋಹೋ ಎಂಬಲ್ಲಿ ಮ್ಯಾಥ್ಯೂ ಬೋಲ್ಟನ್ನನು ಉಗಿಯಂತ್ರದಿಂದ ಅಚ್ಚೊತ್ತಿ, ಹಡಗುಗಳಲ್ಲಿ ತುಂಬಿ ಮದರಾಸಿಗೆ ಕಳುಹಿಸಿದ 1803ರ ನಾಣ್ಯವದು. ಒಂದು ಮುಖದಲ್ಲಿ ಎರಡು ಸಿಂಹಗಳ ನಡುವೆ ಕಂಪನಿಯ ಲಾಂಛನ, ಇನ್ನೊಂದರಲ್ಲಿ ಪಾರಸಿಯ ಬರಹ. ಅಂಚು ಯಂತ್ರದ ಕೆಲಸವಾದ್ದರಿಂದ ದುಂಡಗೆ ನಿಖರವಾಗಿದೆ. ಇದೇ ಜಾತಿಯ 1808ರ ನಾಣ್ಯಗಳನ್ನು ಹೊತ್ತ ಅಡ್ಮಿರಲ್ ಗಾರ್ಡ್ನರ್ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್ವಿನ್ ಮರಳದಿಬ್ಬಗಳ ಮೇಲೆ ಒಡೆದು ಮುಳುಗಿತು. ಅದರ ಒಡಲಿನ ನಾಣ್ಯಗಳನ್ನು ಮುಳುಗುಗಾರರು ನಮ್ಮ ಕಾಲದಲ್ಲಿ ರಾಶಿರಾಶಿಯಾಗಿ ಮೇಲೆತ್ತಿದರು. ಹೊಲದಲ್ಲಿ ಸಿಕ್ಕುವ ಒಂಟಿ ನಾಣ್ಯವನ್ನೇ ನಾನು ಆ ರಾಶಿಗಿಂತ ಹೆಚ್ಚೆಂದು ಎಣಿಸುತ್ತೇನೆ. ರಾಶಿಯಲ್ಲಿದ್ದದ್ದು ಇನ್ನೂ ಯಾರ ಕೈಗೂ ತಲುಪದ ದುಡ್ಡು. ಇದಾದರೋ ಕೂಲಿಯಾಗಿ, ಎಣ್ಣೆಯ ಬೆಲೆಯಾಗಿ, ಸಂತೆಯ ಸುಂಕವಾಗಿ ಕೈಯಿಂದ ಕೈಗೆ ತಿರುಗಿ, ಸಿಂಹದ ಮುಖವೇ ನುಣುಪಾಗುವಷ್ಟು ಸವೆದದ್ದು.

ಪುಸ್ತಕಗಳು 1799ನ್ನು ಒಂದು ದೊಡ್ಡ ಗೆರೆಯಾಗಿ ಎಳೆದು, ಅದರಾಚೆ ಮೈಸೂರು, ಈಚೆ ಕಂಪನಿ ಎಂದು ಕಾಲವನ್ನು ವಿಂಗಡಿಸುತ್ತವೆ. ಹೊಲಕ್ಕೆ ಆ ಗೆರೆ ಕಾಣದು. ಸುಲ್ತಾನನ ಆನೆಯೂ ಕಂಪನಿಯ ಸಿಂಹವೂ ಒಂದೇ ಸಾಲಿನಲ್ಲಿ ಮಲಗಿರುವುದನ್ನು ನೋಡಿದರೆ, ಧ್ವಜ ಬದಲಾದ ಮಾತ್ರಕ್ಕೆ ನೇಕಾರನು ತನ್ನ ಚೀಲದ ದುಡ್ಡನ್ನು ಚೆಲ್ಲಿಬಿಡಲಿಲ್ಲವೆಂಬ ಸತ್ಯ ಹೊಳೆಯುತ್ತದೆ. ಮೈಸೂರಿನಲ್ಲಿಯೂ ಮುಮ್ಮಡಿ ಕೃಷ್ಣರಾಜ ಒಡೆಯರು ಆನೆಯನ್ನು ಕೈಬಿಡಲಿಲ್ಲ. ಅದರ ನೆತ್ತಿಯ ಮೇಲೆ ಸೂರ್ಯಚಂದ್ರರನ್ನು ಇರಿಸಿ, ಕನ್ನಡದಲ್ಲಿ 'ಮಯಿಲಿ ಕಾಸು' ಎಂದು ಬರೆಯಿಸಿ ನಡೆಸಿದರು. 1800ರಲ್ಲಿ ಕಂಪನಿಯ ಪರವಾಗಿ ನಾಡನ್ನು ಪರಿಶೀಲಿಸಲು ಹೊರಟ ಫ್ರಾನ್ಸಿಸ್ ಬುಕನನ್ನನು ಮೈಸೂರಿನಿಂದ ದಣ್ಣಾಯಕನ ಕೋಟೆಯ ಕಡೆಗಿಳಿದು ಕೊಯಮತ್ತೂರನ್ನು ಸುತ್ತಿ, ಬಾವಿ, ಬೆಳೆ, ಮಗ್ಗ, ತೂಕ, ಅಳತೆಗಳನ್ನೆಲ್ಲ ದಿನಚರಿಯಲ್ಲಿ ಬರೆದುಕೊಂಡನು; ಆ ದಿನಚರಿಯನ್ನು ಓದಿ ಹೊಲಕ್ಕೆ ಹೋಗುವವನಿಗೆ ಕೈಯಲ್ಲಿರುವ ಬಿಲ್ಲೆಯೊಂದರ ಸುತ್ತ ಸಂತೆಯೊಂದು ತುಂಬಿ ನಿಂತಂತೆ ಭಾಸವಾಗುತ್ತದೆ.

ಒಮ್ಮೆ ಸೀಸದ ಗುಂಡು ಸಿಕ್ಕಿತು. ಸುಮಾರು 30 ಗ್ರಾಂ ತೂಕ; ನೆಲದೊಳಗೆ ಬಹುಕಾಲ ಇದ್ದುದರಿಂದ ಮೈಯೆಲ್ಲ ಬಿಳಿಯ ಹೊದಿಕೆ; ನಡುವೆ ಎರಕದ ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆ. ಚಪ್ಪಟೆಯಾಗಿರಲಿಲ್ಲ, ಆದ್ದರಿಂದ ಯಾರನ್ನೂ ತಾಕಿದ್ದಲ್ಲ. ಸಿಪಾಯಿಯೊಬ್ಬನ ಮದ್ದಿನ ಚೀಲದಿಂದ ಜಾರಿದ್ದಿರಬೇಕು. ಗೌಂಡರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಇದು ಬೀಳದೆ ಹೋಗಿದ್ದರೆ ಒಂದು ಮನೆಯ ದೀಪ ಆರುತ್ತಿತ್ತು" ಎಂದರು. ಯುದ್ಧದ ಅವಶೇಷಗಳೆಂದರೆ ಎದೆಯುಬ್ಬಿಸುವವರು ಇದನ್ನು ನೆನೆಯಬೇಕು. ಅಂಥ ಅವಶೇಷಗಳು ಯಾರ ಕೈಗೆ ಸಿಕ್ಕುತ್ತವೆಂಬುದೂ ಮುಖ್ಯ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದರ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿದ್ದುದನ್ನು ಕಂಡು ಪುರಾತತ್ತ್ವ ಇಲಾಖೆಯವರು ಅಗೆಯಿಸಿದಾಗ, ಟಿಪ್ಪುವಿನ ಕಾಲದ ಕಬ್ಬಿಣದ ರಾಕೆಟ್ಟುಗಳು ಸಾವಿರಕ್ಕೂ ಮೇಲ್ಪಟ್ಟು ದೊರೆತುವು. ಅಲ್ಲಿ ಅಗೆತ ತಿಳಿದವರ ಕೈಯಿಂದ ನಡೆದುದರಿಂದ ಬಾವಿ ಯಾವುದು, ಎಷ್ಟು ರಾಕೆಟ್ಟುಗಳು ಎಂಬುದೆಲ್ಲ ದಾಖಲೆಯಾಯಿತು, ಅವು ಶಿವಮೊಗ್ಗದ ವಸ್ತುಸಂಗ್ರಹಾಲಯವನ್ನು ಸೇರಿದುವು. ಅದೇ ರಾಕೆಟ್ಟುಗಳು ಒಂದೊಂದಾಗಿ ಗುಜರಿಯ ತಕ್ಕಡಿಗೆ ಬಿದ್ದಿದ್ದರೆ ಹಳೆಯ ಕೊಳವೆಗಳೆಂದು ಕರಗಿಹೋಗುತ್ತಿದ್ದುವು.

ಈ ವಿಷಯದಲ್ಲಿ ನನ್ನ ನಂಬಿಕೆ ದೃಢವಾಗಿದೆ: ಮಣ್ಣಿನಿಂದ ಬಂದ ವಸ್ತುವಿನ ಅರ್ಧ ಬೆಲೆ ವಸ್ತುವಿನಲ್ಲಿದ್ದರೆ ಇನ್ನರ್ಧ ಅದು ಬಿದ್ದಿದ್ದ ಸ್ಥಳದಲ್ಲಿದೆ. ನಮ್ಮ ನೊಯ್ಯಲ್ ದಂಡೆಯ ವೆಳ್ಳಲೂರಿನಲ್ಲಿ 1842ರಲ್ಲಿ ರೋಮನ್ನರ 522 ಬೆಳ್ಳಿಯ ನಾಣ್ಯಗಳು ಸಿಕ್ಕಿದುವು. ಇಂದಿನ ತಿರುಪ್ಪೂರು ಸೀಮೆಯ ಕತ್ತಾಂಗಣ್ಣಿಯಲ್ಲಿ 1913ರಲ್ಲಿ 233 ಸಿಕ್ಕಿದುವು. ಊರಿನ ಹೆಸರುಗಳನ್ನಾದರೂ ಬರೆದಿಟ್ಟುದರಿಂದಲೇ ಪಂಡಿತರು ಆ ಊರುಗಳನ್ನು ಒಂದಕ್ಕೊಂದು ಪೋಣಿಸಿ, ಪಾಲಕ್ಕಾಡಿನ ಕಣಿವೆಯ ಮೂಲಕ ಪಶ್ಚಿಮ ಸಮುದ್ರಕ್ಕೂ ಕೊಂಗುನಾಡಿಗೂ ಇದ್ದ ಪ್ರಾಚೀನ ವ್ಯಾಪಾರಮಾರ್ಗವನ್ನು ಗುರುತಿಸಬಲ್ಲವರಾದರು. ಆಶ್ಚರ್ಯವೆಂದರೆ, ಇಂದಿಗೂ ತಮಿಳುನಾಡಿನಲ್ಲಿ ಜಾರಿಯಲ್ಲಿರುವ 1878ರ ನಿಧಿ ಶಾಸನ ಕೂಡ ಇದನ್ನೇ ಕೇಳುತ್ತದೆ. ಹತ್ತು ರೂಪಾಯಿಗೆ ಮೀರಿದ ಬೆಲೆಯುಳ್ಳ ಹೂತ ವಸ್ತು ಯಾರಿಗೆ ಸಿಕ್ಕಿದರೂ, ಅದು ಏನು, ಎಷ್ಟು ಬೆಲೆಯದು, ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು ಎಂಬುದನ್ನು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು. ಹಕ್ಕುದಾರರು ಯಾರೂ ಬಾರದಿದ್ದು, ಬೇರೆ ಒಪ್ಪಂದವೂ ಇಲ್ಲದಿದ್ದರೆ ಮುಕ್ಕಾಲು ಪಾಲು ಕಂಡವನಿಗೆ, ಕಾಲು ಪಾಲು ನೆಲದ ಒಡೆಯನಿಗೆ. ಸರ್ಕಾರವೇ ಇಟ್ಟುಕೊಳ್ಳಬಯಸಿದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲನ್ನು ಹೆಚ್ಚಾಗಿ ಕೊಡಬೇಕು. ಬಚ್ಚಿಟ್ಟವನು ತನ್ನ ಪಾಲನ್ನು ಕಳೆದುಕೊಳ್ಳುವುದಲ್ಲದೆ ಸೆರೆಮನೆಯನ್ನೂ ಕಾಣಬೇಕಾದೀತು. ಜನ ಈ ಶಾಸನಕ್ಕೆ ಹೆದರಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಓದಿ ನೋಡಿದವನಿಗೆ ಅದು ಕಂಡವನ ಹಕ್ಕನ್ನು ಕಾಯುವ ಶಾಸನವೆಂದೇ ತೋರುತ್ತದೆ.

ಲೋಹಶೋಧಕವನ್ನು ಕಂಡರೆ ವಿದ್ವಾಂಸರಿಗೆ ಅಸಮಾಧಾನ. ರಾತ್ರಿಯ ಹೊತ್ತು ನಿಧಿಯಾಸೆಯಿಂದ ಗುಡಿಯ ಅಡಿಪಾಯವನ್ನೇ ತೋಡುವವರ ಕೈಯಲ್ಲಿ ಅದನ್ನು ಕಂಡಿರುವುದರಿಂದ ಆ ಅಸಮಾಧಾನ ನ್ಯಾಯವಾದದ್ದೇ. ಆದರೆ ಸತ್ತಿ ರಸ್ತೆಯ ಹೊಲಗಳಿಗೆ ಇಂದು ಅದಕ್ಕಿಂತ ಸಾವಿರ ಮಡಿ ದೊಡ್ಡ ಆಪತ್ತು ಜೆಸಿಬಿಯಿಂದ ಒದಗಿದೆ. ಸರವಣಂಪಟ್ಟಿಯ ಸುತ್ತ ನಾನು ಬಾಲ್ಯದಲ್ಲಿ ಜೋಳದ ತೆನೆಯನ್ನು ಕಂಡ ಕಡೆ ಈಗ ಗಾಜಿನ ಕಟ್ಟಡಗಳು ನಿಂತಿವೆ. ಅದರಾಚೆಗೆ ಮೈಲಿಮೈಲಿಗೂ ಸೈಟುಗಳ ಕಲ್ಲು ನೆಟ್ಟಿದ್ದಾರೆ. ನೆಲ ಸಮ ಮಾಡುವಾಗ ಮೇಲಿನ ಒಂದೆರಡಡಿ ಮಣ್ಣು ಟಿಪ್ಪರಿಗೆ ತುಂಬಿ, ಇನ್ನೆಲ್ಲಿಯೋ ಹಳ್ಳವನ್ನು ಮುಚ್ಚಲು ಹೋಗುತ್ತದೆ. ಆ ಮಣ್ಣಿನಲ್ಲಿ ಇದ್ದ ಲಾಳ, ಕಾಸು, ಗುಂಡುಗಳೆಲ್ಲ ಎಂದಾದರೊಂದು ದಿನ ಯಾರಿಗಾದರೂ ಸಿಕ್ಕಿಯಾವು. ಆದರೆ ಅವು ಹೇಳುವುದು ಸುಳ್ಳು ಊರಿನ ಕತೆಯನ್ನು. ಗೌಂಡರ ನೆರೆಯ ಹೊಲ ಹೀಗೆಯೇ ಹೋಯಿತು. ನಮ್ಮ ಬಂಡಿಜಾಡು ಆ ಹೊಲದೊಳಕ್ಕೆ ಮುಂದುವರಿಯುತ್ತಿತ್ತೆಂದು ನಕ್ಷೆ ಸೂಚಿಸುತ್ತದೆ. ಇನ್ನು ಅದನ್ನು ದೃಢಪಡಿಸುವ ಮಾರ್ಗ ಯಾರಿಗೂ ಇಲ್ಲ.

ಮಿತ್ರನ ನೋಟುಬುಕ್ಕಿನಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಸಾಲಿದೆ: ಸರ್ವೆ ನಂಬರು, ಬಾವಿಕಟ್ಟೆಯಿಂದ ಎಷ್ಟು ಹೆಜ್ಜೆ, ಯಾವ ದಿಕ್ಕು, ಎಷ್ಟು ಆಳ, ಮಣ್ಣಿನ ಬಣ್ಣ. ಮೋಟಾರಿನ ಸುತ್ತುಗಳನ್ನು ಬರೆದಿಡುವ ಅದೇ ಪುಟ್ಟ ದುಂಡಕ್ಷರ. ಕಾಸುಗಳನ್ನು ಕುರಿತ ಅರ್ಜಿಯನ್ನು ಗೌಂಡರೂ ನಾವೂ ಕೂಡಿಯೇ ಸಹಿ ಮಾಡಿ ಸಲ್ಲಿಸಿದೆವು. ಲಾಳಗಳು ಗೌಂಡರ ಮನೆಯ ಜಗಲಿಯ ಮೇಲೆ, ಚೀಟಿ ಕಟ್ಟಿಸಿಕೊಂಡು ಸಾಲಾಗಿ ಕುಳಿತಿವೆ. ಅವರ ಮೊಮ್ಮಗಳು ಬಂದವರಿಗೆಲ್ಲ ಅವುಗಳ ಕತೆಯನ್ನು ತಪ್ಪಿಲ್ಲದೆ ಹೇಳುತ್ತಾಳೆ.

ಹೊಲವುಳ್ಳ ಓದುಗರಲ್ಲಿ ನನ್ನದೊಂದು ಪ್ರಾರ್ಥನೆ. ಉಳುವಾಗಲೋ, ಪಾಯ ತೆಗೆಯುವಾಗಲೋ, ಮಳೆ ತೊಳೆದ ಬದುವಿನ ಮೇಲೆಯೋ ಹಳೆಯ ನಾಣ್ಯ ಕಣ್ಣಿಗೆ ಬಿದ್ದರೆ ಹುಣಿಸೆಹಣ್ಣು ಹಾಕಿ ಉಜ್ಜಬೇಡಿರಿ. ಆ ಹಸುರು ಕಿಲುಬಿನ ಜೊತೆಯಲ್ಲಿ ಅಕ್ಷರಗಳೂ ಹೋಗುತ್ತವೆ. ಗುಜರಿಯವನಿಗೂ ನಾಣ್ಯದ ದಳ್ಳಾಳಿಗೂ ತೋರಿಸಬೇಡಿರಿ. ಸಿಕ್ಕ ಜಾಗಕ್ಕೆ ಒಂದು ಗೂಟ ನೆಟ್ಟು, ದಿನವನ್ನೂ ಸರ್ವೆ ನಂಬರನ್ನೂ ಕಾಗದದ ಮೇಲೆ ಬರೆದು, ಹತ್ತಿರದ ತಾಲ್ಲೂಕು ಕಚೇರಿಯ ಮೂಲಕ ಕಲೆಕ್ಟರರಿಗೆ ತಿಳಿಸಿರಿ. ಹೊಲವನ್ನು ಸೈಟುಗಳಿಗೆ ಮಾರುವ ಯೋಚನೆಯಿದ್ದರೆ, ಜೆಸಿಬಿ ಬರುವುದಕ್ಕೆ ಒಂದು ವಾರ ಮುಂಚೆ ಊರಿನ ಶಾಲೆಯ ಮೇಷ್ಟರನ್ನೂ ನಾಲ್ಕು ಮಕ್ಕಳನ್ನೂ ಕರೆದು ಉತ್ತ ನೆಲದ ಮೇಲೆ ಒಮ್ಮೆ ನಡೆಯಗೊಡಿರಿ.